ಎಚ್‌ಡಿ ಚಾನೆಲ್‌ನಲ್ಲಿ ಮಾತು ಮಾತ್ರ ಕೇಳದಿದ್ದರೆ

ಮನೆ ಮಲ್ಪೆಯಲ್ಲಿ. ಉಪ್ಪುಗಾಳಿಗೆ ಹೋಂ ಥಿಯೇಟರ್‌ನ ನಡುವಿನ ಸ್ಪೀಕರ್ ಕೆಟ್ಟಿತು, ತೆಗೆದಿಟ್ಟೆ. ಎಡ-ಬಲ ಸ್ಪೀಕರ್ ಎರಡೇ ಉಳಿದವು. ಅಂದಿನಿಂದ ಕೆಲವು ಎಚ್‌ಡಿ ಚಾನೆಲ್‌ಗಳಲ್ಲಿ ಸಂಗೀತ, ಮಳೆ, ಗದ್ದಲ ಎಲ್ಲ ಜೋರು. ಮಾತು ಮಾತ್ರ ಬಾವಿಯೊಳಗಿಂದ ಬಂದಂತೆ. ಎಸ್‌ಡಿ ಚಾನೆಲ್‌ನಲ್ಲಿ ಸರಿಯಾಗಿತ್ತು.

ಎಚ್‌ಡಿಎಂಐ ಕೇಬಲ್ ಬದಲಿಸಿದೆ. ಸೆಟ್‌ಟಾಪ್ ಬಾಕ್ಸ್ ರೀಸೆಟ್ ಮಾಡಿದೆ. ಮೆಕ್ಯಾನಿಕ್ ಡಿಶ್ ತಿರುಗಿಸಿ ದುಡ್ಡು ತಗೊಂಡು ಹೋದ. ಯಾವುದೂ ಆಗಲಿಲ್ಲ. ಸಿಗ್ನಲ್ ಕಮ್ಮಿಯಾದರೆ ಮಾತೊಂದೇ ಮಾಯವಾಗುವುದಿಲ್ಲ ಅಲ್ವಾ?

ಆ ಎಚ್‌ಡಿ ಚಾನೆಲ್‌ಗಳ ಧ್ವನಿ 5.1, ಅಂದರೆ ಐದು ಸ್ಪೀಕರ್ ಮತ್ತು ಒಂದು ಸಬ್‌ವೂಫರ್‌ಗೆ ಬೇರೆಬೇರೆಯಾಗಿ ಬರುವ ಧ್ವನಿ. ಅದರಲ್ಲಿ ಮಾತು ಹೆಚ್ಚಾಗಿ ನಡುವಿನ ಸ್ಪೀಕರ್‌ನ ಪಾಲಿನಲ್ಲೇ ಇರುತ್ತದೆ. ಸ್ಪೀಕರ್ ಇಲ್ಲದಿದ್ದರೂ ಇದೆ ಅಂದುಕೊಂಡು ಆಂಪ್ಲಿಫೈಯರ್ ಮಾತನ್ನು ಅಲ್ಲಿಗೇ ಕಳಿಸುತ್ತಿತ್ತು. ಮೊದಲು ಆಂಪ್ಲಿಫೈಯರ್‌ನ ಸೆಟಪ್‌ನಲ್ಲಿ 'ಸ್ಪೀಕರ್' ತೆರೆಯಿರಿ. 'ಸೆಂಟರ್' ಅನ್ನು 'ನನ್' (None, ಅಂದರೆ ಇಲ್ಲ) ಮಾಡಿ. ಹಿಂದಿನ ಸ್ಪೀಕರ್ ಇಲ್ಲದಿದ್ದರೆ 'ಸರೌಂಡ್' ಕೂಡ 'ನನ್'. 'ಫ್ರಂಟ್' ಮುಟ್ಟಬೇಡಿ. ಈಗ ಮಾತು ಎಡ-ಬಲ ಎರಡಕ್ಕೂ ಹಂಚಿಹೋಗುತ್ತದೆ.

ಆ ಮೆನು ಇಲ್ಲದಿದ್ದರೆ ಸೆಟ್‌ಟಾಪ್ ಬಾಕ್ಸ್‌ನ ಆಡಿಯೋದಲ್ಲಿ 'ಡಾಲ್ಬಿ' ಬದಲು 'ಪಿಸಿಎಂ' ಅಥವಾ 'ಸ್ಟೀರಿಯೋ' ಇಡಿ. ಆಗ ಬಾಕ್ಸೇ ಧ್ವನಿಯನ್ನು ಎಡ-ಬಲ ಎರಡಕ್ಕೇ ಇಳಿಸಿ ಕೊಡುತ್ತದೆ. ಟಿವಿ ಮೂಲಕ ಧ್ವನಿ ಹೋಗುತ್ತಿದ್ದರೆ ಟಿವಿಯ ಡಿಜಿಟಲ್ ಆಡಿಯೋ ಔಟ್ ಕೂಡ 'ಪಿಸಿಎಂ' ಮಾಡಿ.