ಮರಗೆಣಸಿನ ವಿಷ ಬಿಡಿಸುವುದು ಚಾಕು ಮತ್ತು ನೀರು, ಕುಕ್ಕರ್ ಅಲ್ಲ

ಮರಗೆಣಸು ತಿಂದು ತಲೆ ತಿರುಗಿತು ಅಂತ ಯಾರಾದರೂ ಹೇಳಿದರೆ ನಾನು ಮೊದಲು ಕೇಳುವುದು ಒಂದೇ ಮಾತು: ಬೇಯಿಸಿದ ನೀರನ್ನು ಏನು ಮಾಡಿದಿರಿ? ಎಷ್ಟೋ ಜನ ಚೆಲ್ಲಿಯೇ ಇರುವುದಿಲ್ಲ. ಕುಕ್ಕರಿಗೆ ಒಂದು ಲೋಟ ನೀರು ಹಾಕಿ, ಎರಡು ಕೂಗು ಕೂಗಿಸಿ, ಮೆತ್ತಗಾಯಿತಲ್ಲ ಅಂತ ಬಡಿಸಿಬಿಟ್ಟಿರುತ್ತಾರೆ. ಮೆತ್ತಗಾಗುವುದು ಬೇರೆ, ವಿಷ ಬಿಡುವುದು ಬೇರೆ.

ಗೆಣಸಿನಲ್ಲಿ ಸಯನೈಡ್ ಸಿದ್ಧವಾಗಿ ಕೂತಿರುವುದಿಲ್ಲ. ಇರುವುದು ಲಿನಾಮರಿನ್ ಎಂಬ ವಸ್ತು. ಅದನ್ನು ಒಡೆಯುವ ಕಿಣ್ವವೂ ಅದೇ ಗೆಣಸಿನಲ್ಲಿದೆ, ಆದರೆ ಒಂದೇ ಮನೆಯಲ್ಲಿದ್ದೂ ಮಾತು ಬಿಟ್ಟ ಓರಗಿತ್ತಿಯರ ಹಾಗೆ ಬೇರೆ ಬೇರೆ. ಕತ್ತರಿಸಿದಾಗ, ತುರಿದಾಗ, ಜಜ್ಜಿದಾಗ ಎರಡೂ ಕೂಡಿ ಕೊನೆಗೆ ಹೈಡ್ರೋಜನ್ ಸಯನೈಡ್ ಹುಟ್ಟುತ್ತದೆ. ಹುಟ್ಟಲಿ, ನಮಗೆ ಅದೇ ಬೇಕು. ಸುಮಾರು 26 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುವ ವಸ್ತು ಅದು, ತೆರೆದಿಟ್ಟರೆ ಗಾಳಿಗೆ ಹಾರಿಹೋಗುತ್ತದೆ, ನೀರಿಗೂ ಇಳಿಯುತ್ತದೆ. ದಪ್ಪ ತುಂಡುಗಳನ್ನು ನೇರವಾಗಿ ಕುದಿವ ನೀರಿಗೆ ಹಾಕಿದರೆ ಕಿಣ್ವ ಬೇಗನೆ ಸತ್ತುಹೋಗುತ್ತದೆ, ಲಿನಾಮರಿನ್ ಮಾತ್ರ ಬಿಸಿಗೆ ಜಗ್ಗದೆ ಉಳಿಯುತ್ತದೆ. ಅದನ್ನು ಹೊಟ್ಟೆಗೆ ಹೋದ ಮೇಲೆ ಕರುಳಿನ ಬ್ಯಾಕ್ಟೀರಿಯಾಗಳೇ ಒಡೆಯಬಲ್ಲವು.

ಸಿಹಿ ಜಾತಿಯ ಹಸಿ ಗೆಣಸಿನಿಂದ ಹುಟ್ಟಬಲ್ಲ ಸಯನೈಡ್ ಕಿಲೋಗೆ 50 ಮಿಲಿಗ್ರಾಂಗಿಂತ ಕಡಿಮೆ. ಕಹಿ ಜಾತಿಯಲ್ಲಿ ಅದು ಹಲವು ನೂರು ಮಿಲಿಗ್ರಾಂ ದಾಟಬಹುದು. ಒಂದು ಚೂರು ಹಸಿಯಾಗಿ ಬಾಯಿಗೆ ಹಾಕಿ ಕಹಿಯಿಲ್ಲ ಅಂದುಕೊಂಡು ನೆಮ್ಮದಿಯಾಗುವ ಅಭ್ಯಾಸ ಕೆಲವರಿಗಿದೆ. ನಾಲಿಗೆಯನ್ನು ಅಷ್ಟು ನಂಬಬೇಡಿ. ಮಳೆ ಕೈಕೊಟ್ಟ ವರ್ಷ ಅದೇ ಗಿಡದ ಗೆಣಸಿನಲ್ಲಿ ವಿಷ ಏರುತ್ತದೆ. ಹಸಿ ಗೆಣಸನ್ನಂತೂ ತಿನ್ನಲೇಬಾರದು.

ಸಿಪ್ಪೆ ತೆಗೆಯುವಾಗ ಮೇಲಿನ ಕಂದು ಹೊಟ್ಟನ್ನು ಕೆರೆದು ಬಿಟ್ಟರೆ ಸಾಲದು. ಅದರ ಕೆಳಗೆ ಬಿಳಿಯೋ ತಿಳಿಗುಲಾಬಿಯೋ ಬಣ್ಣದ ದಪ್ಪ ತೊಗಟೆಯಿದೆ. ತಿರುಳಿಗಿಂತ ಹೆಚ್ಚು ವಿಷ ಇರುವುದು ಸಾಮಾನ್ಯವಾಗಿ ಅಲ್ಲೇ. ಗೆಣಸಿನ ಉದ್ದಕ್ಕೆ ಚಾಕುವಿನಲ್ಲಿ ಒಂದು ಗೀರು ಹಾಕಿ, ತುದಿಯನ್ನು ಹೆಬ್ಬೆರಳಿನಲ್ಲಿ ಎಬ್ಬಿಸಿ. ತಾಜಾ ಗೆಣಸಾದರೆ ತೊಗಟೆ ಪಟ್ಟಿ ಪಟ್ಟಿಯಾಗಿ ಎದ್ದು ಬರುತ್ತದೆ. ನಡುವಿನ ನಾರನ್ನೂ ಕಿತ್ತುಹಾಕಿ. ಸಿಪ್ಪೆಯನ್ನು ಹಾಗೇ ಹಸಿಯಾಗಿ ದನದ ಮುಂದೋ ಆಡಿನ ಮುಂದೋ ಸುರಿಯಬೇಡಿ, ಅವಕ್ಕೂ ಅದು ವಿಷವೇ. ಕಿತ್ತ ಎರಡು ಮೂರು ದಿನಕ್ಕೆಲ್ಲ ಗೆಣಸು ಕೆಡಲು ಶುರುವಾಗುತ್ತದೆ, ಒಳಗೆ ನೀಲಿಗಪ್ಪು ಗೆರೆ ಕಂಡರೆ ಎಸೆಯಿರಿ.

ಇನ್ನು ಕತ್ತರಿಸುವುದು. ಅಂಗೈಯಗಲದ ತುಂಡು ಬೇಡ, ಚಿಕ್ಕದಾಗಿ ಹೆಚ್ಚಿ. ಕೆಲವು ಗಂಟೆ ತಣ್ಣೀರಿನಲ್ಲಿ ನೆನೆಹಾಕಿ ಆ ನೀರನ್ನು ಚೆಲ್ಲಿ. ದೊಡ್ಡ ಪಾತ್ರೆಯಲ್ಲಿ ಗೆಣಸಿನ ಐದರಷ್ಟಾದರೂ ಹೊಸ ನೀರು ತುಂಬಿ, ತಣ್ಣಗಿರುವಾಗಲೇ ತುಂಡುಗಳನ್ನು ಹಾಕಿ ನಿಧಾನ ಉರಿಯಲ್ಲಿ ಇಡಿ. ಮುಚ್ಚಳ ಬೇಡ, ಕಿಟಕಿ ತೆರೆದಿರಲಿ. ಚೆನ್ನಾಗಿ ಬೆಂದ ಮೇಲೆ ಬಸಿದು ನೀರು ಚೆಲ್ಲಿ. ಆ ನೀರಿನಲ್ಲಿ ಸತ್ವ ಇದೆ ಅಂತ ಸಾರಿಗೆ ಬಳಸುವ ಜಾಣತನ ಇಲ್ಲಿ ನಡೆಯದು. ಹುರಿಯುವುದಿದ್ದರೂ ಬೇಯಿಸಿ ಬಸಿದ ಮೇಲೆಯೇ ಎಣ್ಣೆಗೆ ಬಿಡಿ.

ಇದೆಲ್ಲ ಸಿಹಿ ಜಾತಿಯ ಮರಗೆಣಸಿಗೆ. ಕಹಿಯದಕ್ಕೆ ಬರೀ ಬೇಯಿಸಿದರೆ ಆಗುವುದಿಲ್ಲ. ಮೂರರಿಂದ ಐದು ದಿನ ನೀರಿನಲ್ಲಿ ಮುಳುಗಿಸಿ, ಹುಳಿ ಬಂದು ಕೈಯಲ್ಲಿ ಹಿಸುಕಿದರೆ ಮುದ್ದೆಯಾಗುವಷ್ಟು ಮೆತ್ತಗಾಗಿಸಿ ಒಣಗಿಸುತ್ತಾರೆ. ಅಥವಾ ತುರಿದು, ಹುಳಿಬರಿಸಿ, ಹಿಂಡಿ, ಹುರಿಯುತ್ತಾರೆ. ಪಶ್ಚಿಮ ಆಫ್ರಿಕಾದ ಗಾರಿ ಎಂಬ ಮರಗೆಣಸಿನ ತರಿ ಆಗುವುದು ಹೀಗೆ. ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುತ್ತಾರಲ್ಲ, ಆದರೆ ಅಲ್ಲಿ ಆತುರಪಟ್ಟವರು ಹೆಚ್ಚಾಗಿ ಹಸಿದವರು. ಬರ ಬಂದಾಗ, ಯುದ್ಧವಾದಾಗ ನೆನೆಸುವ ದಿನ ಕಡಿಮೆಯಾಗುತ್ತದೆ. ವಾರಗಟ್ಟಲೆ ಅದನ್ನೇ ತಿಂದವರ ಎರಡೂ ಕಾಲು ಇದ್ದಕ್ಕಿದ್ದಂತೆ ಸೆಟೆದು ನಿಲ್ಲುತ್ತವೆ. ಈ ಕಾಯಿಲೆಯ ಹೆಸರು ಕೊಂಜೊ. ವೈದ್ಯ ಜೋವಾನ್ನಿ ಟ್ರೊಲ್ಲಿ 1938ರಲ್ಲಿ ಕಾಂಗೋದಿಂದ ಇದನ್ನು ಮೊದಲು ವರದಿ ಮಾಡಿದರು. 1981ರ ಬರದಲ್ಲಿ ಮೊಜಾಂಬಿಕ್‌ನಲ್ಲಿ ಸಾವಿರಕ್ಕೂ ಹೆಚ್ಚು ಜನರಿಗೆ ತಗುಲಿತು, ಹೆಚ್ಚಿನವರು ಮಕ್ಕಳು ಮತ್ತು ಹೆಂಗಸರು. ಹೋದ ಕಾಲು ಮೊದಲಿನಂತೆ ಮರಳುವುದಿಲ್ಲ.

ಮನೆಯಲ್ಲಿ ಮರಗೆಣಸಿನ ಹಿಟ್ಟು ಬಳಸುವವರಿಗೆ ಆಸ್ಟ್ರೇಲಿಯಾದ ವಿಜ್ಞಾನಿ ಹೊವಾರ್ಡ್ ಬ್ರಾಡ್ಬರಿ ಅವರ ಉಪಾಯ ಹೇಳುತ್ತೇನೆ, ನನಗೆ ಬಲು ಹಿಡಿಸಿದ್ದು. ಹಿಟ್ಟಿಗೆ ನೀರು ಬೆರೆಸಿ ಪೂರ್ತಿ ತೇವವಾಗಿಸಿ, ತಟ್ಟೆಯಲ್ಲಿ ಒಂದು ಸೆಂಟಿಮೀಟರಿಗಿಂತ ತೆಳ್ಳಗೆ ಹರಡಿ. ಬಿಸಿಲಿದ್ದರೆ ಎರಡು ಗಂಟೆ, ನೆರಳಿನಲ್ಲಾದರೆ ಐದು ಗಂಟೆ. ಅನಿಲ ಹಾರಿಹೋಗುತ್ತದೆ. ಆಮೇಲೆ ಅಂದೇ ಬೇಯಿಸಿಕೊಳ್ಳಿ.

ಸಬ್ಬಕ್ಕಿಯ ಬಗ್ಗೆ ಗಾಬರಿ ಬೇಡ. ಅದು ಮರಗೆಣಸಿನಿಂದ ತೊಳೆದು ತೆಗೆದ ಪಿಷ್ಟ, ವಿಷದ ಬಹುಪಾಲು ನೀರಿನಲ್ಲೇ ಹೋಗಿರುತ್ತದೆ. ಎಲೆ ತಿನ್ನುವವರು ಮಾತ್ರ ಎಚ್ಚರ. ಎಲೆಯಲ್ಲಿ ವಿಷ ಜಾಸ್ತಿ, ನುಣ್ಣಗೆ ಅರೆದು ಬಹಳ ಹೊತ್ತು ಬೇಯಿಸಬೇಕು.

ದೇಹ ಸಯನೈಡನ್ನು ಕಳೆಯಲು ಗಂಧಕವಿರುವ ಅಮೈನೋ ಆಮ್ಲ ಬೇಕು, ಅದು ಸಿಗುವುದು ಪ್ರೋಟೀನಿನಿಂದ. ಗೆಣಸಿನ ಜೊತೆ ಬೇಳೆಯೋ ಮೊಟ್ಟೆಯೋ ಮೀನೋ ಇರಲಿ, ದಿನವೂ ಬರೀ ಗೆಣಸೇ ಆಗಬಾರದು. ಹಾಗೆ ಕಳೆಯುವಾಗ ಹುಟ್ಟುವ ಥಯೋಸಯನೇಟ್ ಅಯೋಡಿನ್‌ಗೆ ಅಡ್ಡಬರುತ್ತದೆ, ಅಯೋಡಿನ್ ಕಡಿಮೆಯಿದ್ದವರಿಗೆ ಗಳಗಂಡ ಹೆಚ್ಚುತ್ತದೆ. ಹಾಗಾಗಿ ಅಯೋಡಿನ್ ಉಪ್ಪು ಬಿಡಬೇಡಿ.

ತಿಂದ ಕೆಲವೇ ಗಂಟೆಗಳಲ್ಲಿ ತಲೆಸುತ್ತು, ತಲೆನೋವು, ವಾಂತಿ, ಹೊಟ್ಟೆನೋವು, ಏದುಸಿರು ಕಂಡರೆ ಮಜ್ಜಿಗೆ, ನಿಂಬೆಹಣ್ಣು ಅಂತ ಹೊತ್ತು ಕಳೆಯಬೇಡಿ. ಮಕ್ಕಳ ಮೈತೂಕ ಕಡಿಮೆ, ಅವರಿಗೆ ಬೇಗ ಏರುತ್ತದೆ. ಇದಕ್ಕೆ ಆಸ್ಪತ್ರೆಯಲ್ಲಿ ಮದ್ದಿದೆ. ತಕ್ಷಣ ಹೊರಡಿ, ಮರಗೆಣಸು ತಿಂದದ್ದನ್ನು ಮೊದಲೇ ಹೇಳಿ, ಪಾತ್ರೆಯಲ್ಲಿ ಉಳಿದದ್ದನ್ನೂ ಒಂದು ಡಬ್ಬಿಗೆ ಹಾಕಿಕೊಂಡು ಹೋಗಿ ವೈದ್ಯರಿಗೆ ತೋರಿಸಿ.