ಕಾಗದಕ್ಕೂ ದಪ್ಪವಿದೆ: ಆಟದ ಮೇಜಿಗೆ ಟೆರೇನ್ ಕಟ್ಟಿದ ನನ್ನ ಅನುಭವ

ಮಿನಿಯೇಚರ್ ಗೊಂಬೆಗಳನ್ನಿಟ್ಟು ಮೇಜಿನ ಮೇಲೆ ಆಡುವ ಆಟಗಳಿಗಾಗಿ ನಾನು ಕಾಗದದಲ್ಲಿ ಕಟ್ಟಿದ ಮೊದಲ ಟೆರೇನ್, ಅಂದರೆ ಆಟ ನಡೆಯುವ ಜಾಗದ ಪುಟ್ಟ ಮಾದರಿ, ಒಂದು ನೆಲಮಾಳಿಗೆಯ ಓಣಿ. ಕಲ್ಲಿನ ಗೋಡೆ, ಚಪ್ಪಡಿ ಹಾಸಿದ ನೆಲ, ಕಮಾನಿನ ಬಾಗಿಲು ಎಲ್ಲವೂ ನೋಡಲು ಸೊಗಸಾಗಿಯೇ ಇದ್ದವು. ಆಟ ಆರಂಭವಾಗಿ ಇಬ್ಬರು ಯೋಧರನ್ನು ಅಕ್ಕಪಕ್ಕ ನಿಲ್ಲಿಸಬೇಕಾಗಿ ಬಂದಾಗ ಎರಡನೆಯ ಗೊಂಬೆ ಓಣಿಯೊಳಗೆ ಇಳಿಯಲೇ ಇಲ್ಲ. ನೆಲದ ಚೌಕ ಒಂದು ಇಂಚು, ಅಂದರೆ 25.4 ಮಿ.ಮೀ.; ಗೊಂಬೆಯ ಪೀಠದ ವ್ಯಾಸ 25 ಮಿ.ಮೀ.; ಆದ್ದರಿಂದ ಎರಡು ಚೌಕ ಅಗಲದ ಓಣಿಯಲ್ಲಿ ಎರಡು ಪೀಠಗಳು ನಿಲ್ಲಲೇಬೇಕು ಎಂಬುದು ನನ್ನ ಲೆಕ್ಕವಾಗಿತ್ತು. ಆದರೆ ಗೋಡೆಗಳನ್ನು ನಾನು ಚೌಕದ ಗೆರೆಯ ನಟ್ಟನಡುವೆ ನಿಲ್ಲಿಸಿದ್ದೆ. 5 ಮಿ.ಮೀ. ಫೋಮ್ ಬೋರ್ಡು (ಎರಡು ಕಾಗದಗಳ ನಡುವೆ ಫೋಮ್ ತುಂಬಿದ ಹಗುರ ಹಲಗೆ), ಅದರ ಎರಡೂ ಮುಖಕ್ಕೆ ಕಾಲು ಮಿ.ಮೀ. ದಪ್ಪದ ಅಚ್ಚಾದ ಕಾರ್ಡ್ ಶೀಟು ಸೇರಿ ಪ್ರತಿಯೊಂದು ಗೋಡೆಯೂ ಓಣಿಯೊಳಕ್ಕೆ 2.75 ಮಿ.ಮೀ. ನುಗ್ಗಿತ್ತು. 50.8 ಇರಬೇಕಾದಲ್ಲಿ ಉಳಿದದ್ದು 45.3 ಮಿ.ಮೀ. ಮಾತ್ರ.

ಕಂಪ್ಯೂಟರಿನ ಪರದೆಯ ಮೇಲೆ ಎಳೆಯುವ ಗೆರೆಗೆ ದಪ್ಪವಿಲ್ಲ, ಕಾಗದಕ್ಕೆ ಇದೆ. ನಾನು ಆ ಮೇಲೆ ಪಟ್ಟ ಪಾಡಿನಲ್ಲಿ ಅರ್ಧಕ್ಕಿಂತ ಹೆಚ್ಚು ಈ ಒಂದು ಮಾತನ್ನು ಮರೆತದ್ದರಿಂದಲೇ ಬಂದದ್ದು. ಓಣಿಯ ಸಮಸ್ಯೆಗೆ ನಾನು ಕಂಡುಕೊಂಡ ಪರಿಹಾರವೆಂದರೆ ಚೌಕವನ್ನು ಒಂದೂಕಾಲು ಇಂಚಿಗೆ, ಅಂದರೆ 31.75 ಮಿ.ಮೀ.ಗೆ ಹಿಗ್ಗಿಸುವುದು. ಗೋಡೆ ತಿಂದ ಮೇಲೂ ಎರಡು ಚೌಕಗಳ ಅಗಲದಲ್ಲಿ 58 ಮಿ.ಮೀ. ಉಳಿಯುತ್ತದೆ, ಗೊಂಬೆಯನ್ನು ಹಿಡಿದ ಬೆರಳುಗಳಿಗೂ ಜಾಗ ಸಿಗುತ್ತದೆ. ಚೌಕ ಎಣಿಸಿ ನಡೆಯುವ ಆಟಗಳಲ್ಲಿ ಇದರಿಂದ ಏನೂ ವ್ಯತ್ಯಾಸವಾಗದು. ಟೇಪು ಹಿಡಿದು ಅಳೆಯುವ ಆಟಗಳಿಗೆ ಮಾತ್ರ ಹಿಗ್ಗಿಸಿದ ಚೌಕ ದಾರಿ ತಪ್ಪಿಸುವುದರಿಂದ, ಅಂಥ ತುಣುಕುಗಳ ನೆಲದ ಮೇಲೆ ನಾನು ಚೌಕವನ್ನೇ ಬರೆಯುವುದಿಲ್ಲ.

ಅಂದಿನಿಂದ ಯಾವ ಕಟ್ಟಡವನ್ನೂ ನೇರವಾಗಿ ಬಣ್ಣದಲ್ಲಿ ಅಚ್ಚು ಹಾಕುವ ಗೋಜಿಗೆ ಹೋಗಿಲ್ಲ. ಮೊದಲು ಒಂದು ಬದಿ ಬಳಸಿದ ಸಾಧಾರಣ ಕಾಗದದಲ್ಲಿ, ಬರಿಯ ಗೆರೆಗಳಿರುವ ಕರಡನ್ನು ಅಂಟುಟೇಪಿನಿಂದ ಜೋಡಿಸಿ ಮೇಜಿನ ಮೇಲಿಟ್ಟು, ಗೊಂಬೆಗಳನ್ನು ಅದರೊಳಗೆ ಓಡಾಡಿಸಿ ನೋಡುತ್ತೇನೆ. ಪ್ರದರ್ಶನಕ್ಕಿಡುವ ಮಾದರಿ ಕಣ್ಣಿಗೆ ಒಪ್ಪಿದರೆ ಸಾಕು, ಆಟದ ಟೆರೇನ್ ಕೈಗೂ ಒಪ್ಪಬೇಕು. ಮನುಷ್ಯಾಕೃತಿ ಸುಮಾರು 28 ಮಿ.ಮೀ. ಎತ್ತರವಿರುವ ಗೊಂಬೆಗಳ ಅಳತೆಗೆ ಎರಡು ಮೀಟರ್ ಎತ್ತರದ ಬಾಗಿಲು ಸುಮಾರು 34 ಮಿ.ಮೀ. ಆಗಬೇಕು. ಆದರೆ ಪೀಠದ ಮೇಲೆ ನಿಂತ ಗೊಂಬೆಯನ್ನು ಅದರ ಮುಂದಿಟ್ಟಾಗ, ಈತ ತಲೆ ಚಚ್ಚಿಸಿಕೊಳ್ಳುವುದು ಖಂಡಿತ ಎನ್ನಿಸಿತು. ಈಗ ಬಾಗಿಲನ್ನು 40 ಮಿ.ಮೀ. ಎತ್ತರಕ್ಕೇ ಬರೆಯುತ್ತೇನೆ. ಅಳತೆಯ ಪ್ರಕಾರ ತಪ್ಪು, ಮೇಜಿನ ಮೇಲೆ ಸರಿ.

ಹೆಚ್ಚು ಕಲಿಸಿದ್ದು ಒಂದು ಕಾವಲು ಗೋಪುರ. ದುಂಡನೆಯ ಗೋಪುರ ಬೇಕೆಂಬ ಆಸೆಯಿಂದ 100 ಮಿ.ಮೀ. ವ್ಯಾಸ ಇಟ್ಟುಕೊಂಡರೆ ಸುತ್ತಳತೆ 314 ಮಿ.ಮೀ. ಆಗುತ್ತದೆ, ಎ4 ಹಾಳೆಯ ಉದ್ದವೇ 297 ಮಿ.ಮೀ. ವ್ಯಾಸವನ್ನು 85ಕ್ಕೆ ಇಳಿಸಿ, ಹಾಳೆಯನ್ನು ಅಡ್ಡಲಾಗಿ ಬಳಸಿ ಸುತ್ತಿದೆ. ಅದು ದುಂಡಗೆ ಬಾಗುವ ಬದಲು ಅಲ್ಲಲ್ಲಿ ಮುರಿದು, ಮೂಲೆ ಮೂಲೆಯಾಗಿ ನಿಂತಿತು. ಕಾರಣ ಕಾಗದದ ನಾರು. ಯಂತ್ರದಲ್ಲಿ ತಯಾರಾಗುವ ಕಾಗದದ ನಾರುಗಳು ಹೆಚ್ಚಾಗಿ ಒಂದೇ ದಿಕ್ಕಿಗೆ ಮಲಗಿರುತ್ತವೆ. ಮುದ್ರಣದವರು ಇದನ್ನು ಗ್ರೇನ್ ಎನ್ನುತ್ತಾರೆ. ನಾರಿನ ಉದ್ದಕ್ಕೆ ಮಡಿಸಿದರೆ ಮಡಿಕೆ ನುಣುಪಾಗಿ ಬರುತ್ತದೆ, ನಾರಿಗೆ ಅಡ್ಡಲಾಗಿ ಮಡಿಸಿದರೆ ಕಾಗದ ಹಟ ಹಿಡಿಯುತ್ತದೆ, ಕೊನೆಗೆ ಸೀಳಿ ಬಿಳಿಯ ಒಳಮೈ ತೋರಿಸುತ್ತದೆ. ಹಾಳೆಯನ್ನು ಅಂಗೈಗಳ ನಡುವೆ ಮೆಲ್ಲಗೆ ಬಾಗಿಸಿ, ಯಾವ ಕಡೆಗೆ ಅದು ಸುಲಭವಾಗಿ ಒಲಿಯುತ್ತದೆ ಎಂದು ನೋಡಿದರೆ ದಿಕ್ಕು ತಿಳಿಯುತ್ತದೆ. ನನ್ನಲ್ಲಿದ್ದ 200 ಜಿಎಸ್‌ಎಂ (ಚದರ ಮೀಟರಿಗೆ 200 ಗ್ರಾಂ ತೂಕದ) ಕಾರ್ಡ್ ಶೀಟಿನಲ್ಲಿ ನಾರು ಹಾಳೆಯ ಉದ್ದಕ್ಕೆ ಇತ್ತು, ನಾನೋ ಅದನ್ನು ಅಡ್ಡಕ್ಕೆ ಸುತ್ತಲು ಹೊರಟಿದ್ದೆ.

ಆಗ ಗೋಪುರವನ್ನು ಎಂಟು ಮೂಲೆಯದಾಗಿ ಬದಲಿಸಿದೆ. ಒಂದೊಂದು ಮುಖ 40 ಮಿ.ಮೀ.; ನಾಲ್ಕು ಮುಖಗಳಿರುವ ಅರ್ಧ ಗೋಪುರ 160 ಮಿ.ಮೀ., ಅದಕ್ಕೆ ಅಂಟು ಬಳಿಯಲು ಅಂಚಿನಲ್ಲಿ ಬಿಡುವ 8 ಮಿ.ಮೀ. ಅಂಟುಪಟ್ಟಿ ಸೇರಿದರೆ 168. ಎ4 ಹಾಳೆಯನ್ನು ನೆಟ್ಟಗೆ ಹಿಡಿದರೆ ಅದರ 210 ಮಿ.ಮೀ. ಅಗಲದಲ್ಲಿ ಇದು ಆರಾಮವಾಗಿ ಕೂರುತ್ತದೆ. ಗೋಪುರದ ಎತ್ತರ ಹಾಳೆಯ ಉದ್ದಕ್ಕೆ ಬರುವುದರಿಂದ ಮಡಿಕೆಗಳೆಲ್ಲ ನಾರಿನ ಜೊತೆಗೇ ಸಾಗುತ್ತವೆ. ಎರಡು ಹಾಳೆಗಳ ಬೆಸುಗೆಯೂ ಮೂಲೆಯಲ್ಲೇ ಬೀಳುವುದರಿಂದ ಕಣ್ಣಿಗೆ ಕಾಣುವುದಿಲ್ಲ. ದುಂಡು ಗೋಪುರದ ಆಸೆ ಬಿಟ್ಟದ್ದಕ್ಕೆ ನನಗೆ ಇಂದಿಗೂ ಬೇಸರವಿಲ್ಲ.

ಚಾವಣಿಯಲ್ಲಿ ಎಡವಿದ್ದು ಮಾತ್ರ ಕಾಗದದ ತಪ್ಪಲ್ಲ, ನನ್ನದೇ. ಎಂಟು ತ್ರಿಕೋನಗಳು ಸೇರಿ ಆಗುವ ಮೊನಚು ಚಾವಣಿ 90 ಮಿ.ಮೀ. ಎತ್ತರ ಇರಬೇಕೆಂದು ಪ್ರತಿ ತ್ರಿಕೋನವನ್ನೂ 90 ಮಿ.ಮೀ. ಎತ್ತರಕ್ಕೇ ಬರೆದೆ. ಅಂಟಿಸಿ ನಿಲ್ಲಿಸಿದಾಗ ಗೋಪುರ ಕುಗ್ಗಿದ ಟೋಪಿ ಹಾಕಿಕೊಂಡಂತೆ ಕಂಡಿತು. ಸೂರು ಚಾಚಿಕೊಳ್ಳಲೆಂದು ಚಾವಣಿಯ ಬುಡವನ್ನು 48 ಮಿ.ಮೀ. ಬಾಹುವಿನದಾಗಿ ಇಟ್ಟಿದ್ದೆ, ಅಲ್ಲಿ ನಡುಬಿಂದುವಿನಿಂದ ಬಾಹುವಿಗೆ ಇರುವ ದೂರ ಸುಮಾರು 58 ಮಿ.ಮೀ. ತ್ರಿಕೋನ ಓರೆಯಾಗಿ ಒರಗುವುದರಿಂದ ಪೈಥಾಗೊರಸನ ಲೆಕ್ಕದಂತೆ ನಿಜವಾದ ಎತ್ತರ 69 ಮಿ.ಮೀ.ಗೆ ಇಳಿದಿತ್ತು. 90 ಬೇಕಿದ್ದರೆ ತ್ರಿಕೋನದ ಎತ್ತರ 107 ಇರಬೇಕಿತ್ತು. ಶಾಲೆಯಲ್ಲಿ ಉರುಹೊಡೆದ ಪ್ರಮೇಯ ಇಷ್ಟು ವರ್ಷಗಳ ಮೇಲೆ ಚಾವಣಿಯ ರೂಪದಲ್ಲಿ ಎದುರಾಯಿತು.

ಇಂಥ ಆಕೃತಿಗಳನ್ನು ಬಿಚ್ಚಿ ಹರಡಿ ಹಾಳೆಯ ಮೇಲೆ ಕೂರಿಸಲು ಈಗ ಪೆಪಕುರ ಡಿಸೈನರ್‌ನಂಥ ತಂತ್ರಾಂಶವಿದೆ, 3ಡಿ ಮಾದರಿ ರಚಿಸುವ ಬ್ಲೆಂಡರ್‌ಗೂ ಇದಕ್ಕಾಗಿ ಒಂದು ಆಡ್-ಆನ್ (ಹೆಚ್ಚುವರಿ ಸೇರ್ಪಡೆ) ಇದೆ. ಜರ್ಮನಿಯ ಕಲಾವಿದ ಆಲ್ಬ್ರೆಕ್ಟ್ ಡ್ಯೂರರ್ 1525ರಲ್ಲಿಯೇ ಘನಾಕೃತಿಗಳನ್ನು ಹೀಗೆ ಬಿಚ್ಚಿ ಹರಡಿದ ಚಿತ್ರಗಳನ್ನು ಅಚ್ಚು ಹಾಕಿಸಿದ್ದನೆಂದರೆ, ನಾವು ಮಾಡುತ್ತಿರುವುದು ಹೊಸದೇನಲ್ಲ. ನಾನು ಮಾತ್ರ ಸರಳ ಕಟ್ಟಡಗಳನ್ನು ಚಿತ್ರ ಬರೆಯುವ ತಂತ್ರಾಂಶವಾದ ಇಂಕ್‌ಸ್ಕೇಪ್‌ನಲ್ಲಿ ಕೈಯಾರೆ ಬರೆಯುವುದನ್ನೇ ಇಷ್ಟಪಡುತ್ತೇನೆ, ಏಕೆಂದರೆ ಎಲ್ಲಿ ಕತ್ತರಿಸಬೇಕು, ಎಲ್ಲಿ ಮಡಿಸಬೇಕು, ಅಂಟುಪಟ್ಟಿ ಯಾವ ಅಂಚಿಗೆ ಬಂದರೆ ಒಳಗೆ ಬೆರಳು ತೂರಿಸಿ ಒತ್ತಲು ಸಾಧ್ಯ ಎಂಬುದನ್ನು ತಂತ್ರಾಂಶವು ಮಾದರಿ ಕಟ್ಟುವವನ ಕೈಯಿಂದ ಯೋಚಿಸುವುದಿಲ್ಲ. ಕೊನೆಯದಾಗಿ ಮುಚ್ಚಿಕೊಳ್ಳುವ ಮುಖ ಯಾವುದೆಂದು ನಾನು ಮೊದಲು ಗುರುತಿಸಿ, ಅಲ್ಲಿಂದ ಹಿಂದಕ್ಕೆ ಬರೆಯುತ್ತಾ ಬರುತ್ತೇನೆ. ಗುಮ್ಮಟಗಳ ಸಹವಾಸಕ್ಕೆ ಹೋಗುವುದಿಲ್ಲ; ಗೋಳದ ಮೇಲ್ಮೈಯನ್ನು ಹಿಗ್ಗಿಸದೆ ಕುಗ್ಗಿಸದೆ ಚಪ್ಪಟೆಯಾಗಿಸಲು ಆಗದೆಂಬುದನ್ನು ಗಣಿತಜ್ಞ ಗೌಸ್ 1827ರಲ್ಲಿಯೇ ತೋರಿಸಿಕೊಟ್ಟಿದ್ದಾನೆ.

ಅಚ್ಚಿನ ವಿಷಯದಲ್ಲಿ ಒಂದೇ ಎಚ್ಚರಿಕೆ. ಪ್ರಿಂಟರಿನ ಆಯ್ಕೆಗಳಲ್ಲಿ ಹಾಳೆಗೆ ಹೊಂದಿಸಿಕೊಳ್ಳುವ ಗುಂಡಿ ಆನ್ ಆಗಿದ್ದರೆ ಇಡೀ ವಿನ್ಯಾಸ ಸದ್ದಿಲ್ಲದೆ ಕುಗ್ಗುತ್ತದೆ. ನೂರಕ್ಕೆ ತೊಂಬತ್ತೇಳು ಪಾಲಿಗೆ ಇಳಿದರೂ 25.4 ಮಿ.ಮೀ. ಚೌಕ 24.6 ಆಗಿ, ಪೀಠಕ್ಕಿಂತ ಚಿಕ್ಕದಾಗುತ್ತದೆ. ಹತ್ತು ಚೌಕಗಳಲ್ಲಿ ಸುಮಾರು 8 ಮಿ.ಮೀ. ಮಾಯ. ಆದ್ದರಿಂದ ಪ್ರತಿ ಹಾಳೆಯ ಮೂಲೆಯಲ್ಲೂ 100 ಮಿ.ಮೀ. ಉದ್ದದ ಗೆರೆಯೊಂದನ್ನು ಬರೆದಿಟ್ಟು, ಕಟರ್ ಕೈಗೆತ್ತಿಕೊಳ್ಳುವ ಮೊದಲು ಅದನ್ನು ಸ್ಟೀಲ್ ಸ್ಕೇಲಿನಿಂದ ಅಳೆಯುತ್ತೇನೆ.

ಗೋಡೆಯ ಚಿತ್ರವನ್ನು ಬರೆಯುವಾಗ ನೆರಳಿನ ಮೋಹವನ್ನು ಬಿಡಲು ನನಗೆ ಬಹಳ ಕಾಲ ಹಿಡಿಯಿತು. ಎಡಗಡೆಯಿಂದ ಬೆಳಕು ಬೀಳುವಂತೆ ಪ್ರತಿ ಕಲ್ಲಿಗೂ ನೆರಳು ಕೊಟ್ಟ ಗೋಡೆ ಪರದೆಯ ಮೇಲೆ ಜೀವ ತಳೆದಂತೆ ಕಾಣುತ್ತದೆ. ಆದರೆ ಅದೇ ಗೋಡೆಯನ್ನು ಮೇಜಿನ ಮೇಲೆ ತಿರುಗಿಸಿಟ್ಟು ನಿಜವಾದ ದೀಪ ಇನ್ನೊಂದು ಕಡೆಯಿಂದ ಬೆಳಗಿದಾಗ ಆ ನೆರಳು ಸುಳ್ಳೆಂದು ಗೊತ್ತಾಗುತ್ತದೆ. ಈಗ ಸೂರಿನ ಕೆಳಗೆ, ಕಿಟಕಿಯ ಒಳಅಂಚಿನಲ್ಲಿ, ಗೋಡೆ ನೆಲಕ್ಕೆ ಸೇರುವಲ್ಲಿ, ಹೀಗೆ ಬೆಳಕು ಎತ್ತಲಿಂದ ಬಂದರೂ ಕತ್ತಲಾಗಿರುವ ಜಾಗಗಳಿಗೆ ಮಾತ್ರ ತೆಳುವಾದ ಕಪ್ಪು ಕೊಡುತ್ತೇನೆ. ಇನ್ನೊಂದು ಸಂಗತಿ, ಬಣ್ಣ ದಟ್ಟವಾದಷ್ಟೂ ಹಾಳೆ ಶಾಯಿ ಕುಡಿದು ಸುರುಳಿಯಾಗುತ್ತದೆ, ಒಂದು ರಾತ್ರಿ ಒಣಗಲು ಬಿಡದೆ ಕೈ ಹಾಕಿದರೆ ಬೆರಳಚ್ಚು ಉಳಿಯುತ್ತದೆ.

ಕತ್ತರಿಸುವ ಮೊದಲೇ ಮಡಿಕೆಯ ಗೆರೆಗಳನ್ನು ಶಾಯಿ ಮುಗಿದ ಬಾಲ್‌ಪೆನ್ನಿನಿಂದ ಒತ್ತಿ ಕೀರಬೇಕು. ಆ ಮೇಲೆ ಒಳಗಿನ ಕಿಟಕಿ ಬಾಗಿಲುಗಳು, ಕೊನೆಗೆ ಹೊರ ಅಂಚು. ಹೊರ ಅಂಚನ್ನು ಮೊದಲೇ ಕತ್ತರಿಸಿಬಿಟ್ಟರೆ ಕಿಟಕಿ ಕೊರೆಯುವಾಗ ಹಿಡಿದುಕೊಳ್ಳಲು ಅಂಚೇ ಇರುವುದಿಲ್ಲ. ಬ್ಲೇಡು ಮೊಂಡಾದಾಗ ಕಾಗದದ ಅಂಚು ಜುಂಗಾಗುತ್ತದೆ. ನಾನು ಜಿಪುಣತನ ಬಿಟ್ಟು, ಒಂದು ಗೋಪುರಕ್ಕೆ ಎರಡು ಮೂರು ಬಾರಿಯಾದರೂ ಬ್ಲೇಡಿನ ಮೊಂಡು ತುದಿಯನ್ನು ಮುರಿದು ತೆಗೆಯುತ್ತೇನೆ.

ಕತ್ತರಿಸಿದ ಅಂಚಿನ ಬಿಳುಪು ಒಂದು ತುಣುಕನ್ನು ಕಾಗದವೆಂದು ಬಯಲಿಗೆಳೆಯುವುದರಲ್ಲಿ ಮೊದಲನೆಯದು. ಅಂಟಿಸುವ ಮೊದಲೇ ಅದಕ್ಕೆ ಬಣ್ಣ ಹಚ್ಚಬೇಕು. ಮಾರ್ಕರನ್ನು ಮುಂಭಾಗದಿಂದ ಹಿಡಿದರೆ ಶಾಯಿ ಅಚ್ಚಿನ ಮೇಲೆ ಹರಡಿ ಕಲೆಯಾಗುತ್ತದೆ. ಹಾಳೆಯನ್ನು ಮಗುಚಿ, ಹಿಂಬದಿಯಿಂದ ಮಾರ್ಕರಿನ ಪಕ್ಕವನ್ನು ಅಂಚಿಗೆ ತಾಗಿಸಿಯೂ ತಾಗಿಸದಂತೆ ಎಳೆದುಕೊಂಡು ಹೋಗುವುದು ಕೈಗೆ ಹತ್ತಿದ ಮೇಲೆ ಅದೊಂದು ಸುಖ. ಕಪ್ಪು ಬೇಡ, ಅದು ಕಾರ್ಟೂನಿನ ಗೆರೆಯಂತೆ ಕಾಣುತ್ತದೆ. ಕಲ್ಲಿಗೆ ನಡುಬಗೆಯ ಬೂದು, ಮರಕ್ಕೆ ಮಾಸಲು ಕಂದು ಸಾಕು.

ಅಂಟಿನಲ್ಲಿರುವ ನೀರು ಕಾಗದದ ಇನ್ನೊಂದು ಶತ್ರು. ಬಿಳಿಯ ಪಿವಿಎ ಅಂಟನ್ನು ಅಗಲವಾದ ಮುಖಕ್ಕೆ ಬಳಿದರೆ ಕಾಗದ ಹಿಗ್ಗಿ, ಒಣಗುವಾಗ ಕುಗ್ಗಿ, ಹಲಗೆಯನ್ನೂ ತನ್ನ ಜೊತೆಗೆ ಬಾಗಿಸುತ್ತದೆ. ಎರಡೂ ಮುಖಕ್ಕೆ ಒಂದೇ ಹೊತ್ತಿಗೆ ಕಾಗದ ಅಂಟಿಸಿ ಭಾರದ ಕೆಳಗೆ ರಾತ್ರಿಯಿಡೀ ಇಟ್ಟರೆ ಎರಡು ಎಳೆತಗಳೂ ಒಂದನ್ನೊಂದು ತಡೆದುಕೊಳ್ಳುತ್ತವೆ. ಅಂಟುಪಟ್ಟಿಗಳಿಗೆ ಪಿವಿಎಯನ್ನೇ ಬಳಸುತ್ತೇನೆ, ಆದರೆ ಹಲ್ಲುಕಡ್ಡಿಯ ತುದಿಯಲ್ಲಿ ತೆಗೆದು, ಹೊಳಪು ಮಾತ್ರ ಕಾಣುವಷ್ಟು ತೆಳುವಾಗಿ. ಫೋಮ್ ಬೋರ್ಡಿನ ಮೇಲೆ ಸ್ಪ್ರೇ ಬಳಸುವವರಿಗೆ ಒಂದು ಮಾತು: ಕೆಲವು ಸ್ಪ್ರೇಗಳ ದ್ರಾವಕ ಬೋರ್ಡಿನ ತೆರೆದ ಅಂಚಿನ ಫೋಮನ್ನು ಕರಗಿಸಿಬಿಡುತ್ತದೆ. ಸಂಜೆ ವಾರ್ನಿಶ್ ಹೊಡೆದಿಟ್ಟ ನನ್ನ ಓಣಿಯ ಗೋಡೆಯೊಂದು ಬೆಳಿಗ್ಗೆ ಇಲಿ ಕಡಿದಂತೆ ಕಂಡಿತ್ತು. ಈಗ ಅಂಚುಗಳನ್ನೆಲ್ಲ ಕಾಗದದ ಪಟ್ಟಿಯಿಂದ ಮುಚ್ಚಿದ ಮೇಲೆಯೇ ಮ್ಯಾಟ್ (ಹೊಳಪಿಲ್ಲದ) ವಾರ್ನಿಶ್ ಹೊಡೆಯುತ್ತೇನೆ.

ಗೋಪುರದ ಅಂತಸ್ತುಗಳನ್ನು ಎತ್ತಿ ಬದಿಗಿಡಲು ಬರುವಂತೆ ಮಾಡುವಾಗ ದಪ್ಪದ ಲೆಕ್ಕ ಮತ್ತೆ ಮುಂದೆ ಬಂದು ನಿಂತಿತು. ಮುಖಗಳ ಹಿಂಬದಿಗೆ ಒಂದೂವರೆ ಮಿ.ಮೀ. ರಟ್ಟು ಅಂಟಿಸಿದ್ದರಿಂದ, ಎದುರುಬದುರು ಮುಖಗಳ ನಡುವೆ ಹೊರಗಿನಿಂದ 96.6 ಮಿ.ಮೀ. ಇದ್ದ ಗೋಪುರ ಒಳಗೆ 93.1 ಮಾತ್ರ ಉಳಿಯಿತು. ಮೇಲಿನ ಅಂತಸ್ತಿನ ತಳದಿಂದ ಇಳಿದು ಕೆಳಗಿನದರೊಳಗೆ ಕೂರುವ ಕೊರಳುಪಟ್ಟಿಯನ್ನು ಸರಿಯಾಗಿ 93.1ಕ್ಕೇ ಮಾಡಿದಾಗ ಅದು ಬಿಗಿಯಾಗಿ ಕಚ್ಚಿಕೊಂಡು, ಮೇಲಿನದನ್ನು ಎತ್ತಿದರೆ ಇಡೀ ಗೋಪುರವೇ ಗೊಂಬೆಗಳ ಸಮೇತ ಮೇಲೆದ್ದು ಬಂತು. 92 ಮಿ.ಮೀ.ಗೆ, ಅಂದರೆ ಪ್ರತಿ ಮುಖವನ್ನು 38.1ಕ್ಕೆ ಇಳಿಸಿದ ಮೇಲೆ ಒಂದೇ ಕೈಯಲ್ಲಿ ಸಲೀಸಾಗಿ ತೆಗೆಯಲು ಬಂದಿತು. ತೀರ ಹಗುರವಾದ್ದರಿಂದ ತೋಳು ತಾಗಿದರೂ ಜರುಗುತ್ತಿದ್ದ ಕೆಳ ಅಂತಸ್ತಿನ ನೆಲದಡಿಗೆ ಕಬ್ಬಿಣದ ವಾಷರುಗಳನ್ನು ಅಂಟಿಸಿದ್ದೇನೆ.

ಗುಡ್ಡಗಳಿಗೆ ಇಳಿಜಾರನ್ನು ಬಿಟ್ಟು ಮೆಟ್ಟಿಲುಗಳ ರೂಪವನ್ನೇ ಆರಿಸಿಕೊಂಡಿದ್ದೇನೆ. ಓರೆಯ ಮೇಲೆ ಗೊಂಬೆ ನಿಲ್ಲದೆ ಜಾರುತ್ತದೆ, ಮೆಟ್ಟಿಲು ಪೀಠಕ್ಕಿಂತ ಐದಾರು ಮಿ.ಮೀ. ಅಗಲವಿದ್ದರೆ ಸಾಕು. ಮೆಟ್ಟಿಲುಗಳಿಗೆ ತಳವಿಲ್ಲದ್ದರಿಂದ ಚಿಕ್ಕ ಗುಡ್ಡ ದೊಡ್ಡ ಗುಡ್ಡದೊಳಗೆ, ಅದು ಇನ್ನೂ ದೊಡ್ಡದರೊಳಗೆ ಸೇರಿಕೊಂಡು, ಎಲ್ಲವೂ ಎ4 ಅಳತೆಯ ಒಂದೇ ಪೆಟ್ಟಿಗೆಯಲ್ಲಿ ಹಿಡಿಸುತ್ತವೆ. ಗೋಪುರದ ಮೊನಚು ಚಾವಣಿ ಮಾತ್ರ ಪೆಟ್ಟಿಗೆಯ ಮುಚ್ಚಳಕ್ಕೆ ತಾಗುತ್ತದೆ. ಅದನ್ನು ಚಪ್ಪಟೆಯಾಗಿ ಮಡಿಸಿಡಲು ಬರುವಂತೆ, ಒಂದು ಅಂಚನ್ನು ಅಂಟಿಸದೆ ಸೀಳಿನೊಳಗೆ ತೂರುವ ನಾಲಿಗೆಯೊಂದನ್ನು ಈಗ ಬರೆಯುತ್ತಿದ್ದೇನೆ. ಬಿಳಿ ಕರಡಿನಲ್ಲಿ ಅದು ಸರಿಯಾಗಿ ಕೂತಿದೆ. ಕಾರ್ಡ್ ಶೀಟಿನಲ್ಲಿ ಸೀಳನ್ನು ಅರ್ಧ ಮಿ.ಮೀ. ಅಗಲಿಸಬೇಕಾಗಿದೆ.