ವಾಯುಪಡೆಯ ಪೈಲಟ್ ಆಗಬೇಕೆ? ಮೊದಲು ಅಳತೆ, ಆಮೇಲೆ ಕೋಚಿಂಗ್

ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ನಾನು, ವಾಯುಪಡೆಯ ಪೈಲಟ್ ಆಗಬೇಕೆಂದು ಚಿಕ್ಕಂದಿನಿಂದ ಹಂಬಲಿಸಿದ ಮಕ್ಕಳು ಎಲ್ಲಿ ಎಡವುತ್ತಾರೆಂಬುದನ್ನು ಬಹಳ ಸಲ ಕಂಡಿದ್ದೇನೆ. ಲೆಕ್ಕ ಬಾರದೆ ಸೋತವರು ಕಡಿಮೆ. ಮನೆಯಲ್ಲೇ ತಿಳಿದುಕೊಳ್ಳಬಹುದಾಗಿದ್ದ ದೇಹದ ಮಿತಿಯನ್ನು ಕಡೆಗೆ ತಿಳಿದವರು, ಆಯ್ಕೆ ಮಂಡಳಿಯ ಮುಂದೆ ಯಾರೋ ಬರೆದುಕೊಟ್ಟ ವ್ಯಕ್ತಿತ್ವವನ್ನು ಒಪ್ಪಿಸಿದವರು ಹೆಚ್ಚು.

ಯಾವ ದಾರಿಯೆಂಬುದು ಮೊದಲ ಪ್ರಶ್ನೆ. ವಾಯುಪಡೆಯಲ್ಲಿ ಪೈಲಟ್ ಆಗುವವರು ಅಧಿಕಾರಿಗಳು ಮಾತ್ರ; ಅಧಿಕಾರಿ ದರ್ಜೆಯದಲ್ಲದ ಅಗ್ನಿವೀರ್ ವಾಯು ಹುದ್ದೆಗೆ ಅರ್ಜಿ ಹಾಕಿ ವಿಮಾನ ಹಾರಿಸುವ ಆಸೆ ಇಟ್ಟುಕೊಳ್ಳಬೇಡಿ. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿದವರಿಗೆ ಸುಮಾರು 16½ರಿಂದ 19½ ವಯಸ್ಸಿನೊಳಗೆ ಎನ್‌ಡಿಎ (ರಾಷ್ಟ್ರೀಯ ರಕ್ಷಣಾ ಅಕಾಡೆಮಿ) ಪರೀಕ್ಷೆಯಿದೆ. ಯುಪಿಎಸ್‌ಸಿ ಇದನ್ನು ವರ್ಷಕ್ಕೆ ಎರಡು ಸಲ ನಡೆಸುತ್ತದೆ, 2022ರಿಂದ ಹುಡುಗಿಯರೂ ಎನ್‌ಡಿಎ ಸೇರುತ್ತಿದ್ದಾರೆ. ಪದವೀಧರರಿಗೆ 20ರಿಂದ 24ರ ವಯಸ್ಸಿನಲ್ಲಿ ಎಎಫ್‌ಕ್ಯಾಟ್ (ವಾಯುಪಡೆಯದೇ ಪ್ರವೇಶ ಪರೀಕ್ಷೆ), ಸಿಡಿಎಸ್ (ಮೂರೂ ಸೇನೆಗಳಿಗೆ ಯುಪಿಎಸ್‌ಸಿ ನಡೆಸುವ ಪರೀಕ್ಷೆ) ಮತ್ತು ಎನ್‌ಸಿಸಿ ಏರ್ ವಿಂಗ್‌ನ ‘ಸಿ’ ಸರ್ಟಿಫಿಕೇಟಿನ ದಾರಿಗಳಿವೆ. ಚಿಕ್ಕಮಗಳೂರು ಜಿಲ್ಲೆಯ ಮೇಘನಾ ಶಾನಭಾಗ್ 2018ರಲ್ಲಿ ಯುದ್ಧವಿಮಾನ ವಿಭಾಗ ಸೇರಿದ್ದು ಎಂಜಿನಿಯರಿಂಗ್ ಪದವಿಯ ನಂತರ. ಸಾಲ ಮಾಡಿ ಖಾಸಗಿ ಶಾಲೆಯಲ್ಲಿ ಪೈಲಟ್ ಲೈಸೆನ್ಸ್ ಪಡೆಯುವ ಅಗತ್ಯವಿಲ್ಲ. ಹಾರಾಟವನ್ನು ವಾಯುಪಡೆಯೇ ಕಲಿಸುತ್ತದೆ.

ಇನ್ನು ಕೋಚಿಂಗ್ ಫೀ ಕಟ್ಟುವ ಮೊದಲು ಟೇಪು ಹಿಡಿಯಿರಿ. ಎತ್ತರ ಕನಿಷ್ಠ 162.5 ಸೆಂ.ಮೀ. ಇರಬೇಕು. ಗೋಡೆಗೆ ಸೊಂಟ, ಬೆನ್ನು ಒತ್ತಿ ಕುಳಿತು ಕಾಲು ನೇರ ಚಾಚಿದಾಗ ಗೋಡೆಯಿಂದ ಹಿಮ್ಮಡಿಯವರೆಗಿನ ಅಳತೆ 99ರಿಂದ 120 ಸೆಂ.ಮೀ., ಮಂಡಿ ಮಡಿಸಿದಾಗ ಗೋಡೆಯಿಂದ ಮಂಡಿಯವರೆಗೆ ಹೆಚ್ಚೆಂದರೆ 64 ಸೆಂ.ಮೀ., ಕುಳಿತ ಎತ್ತರ (ಆಸನದಿಂದ ನೆತ್ತಿಯವರೆಗೆ) 81.5ರಿಂದ 96 ಸೆಂ.ಮೀ. ಇರಬೇಕು. ಕಾಕ್‌ಪಿಟ್‌ನಲ್ಲಿ ಕಾಲು ಪೆಡಲಿಗೆ ಎಟುಕಬೇಕು, ತಲೆ ಮೇಲೆ ತಾಗಬಾರದು ಎಂಬುದೇ ಈ ಲೆಕ್ಕದ ಕಾರಣ. ಬಳಿಕ ಒಳ್ಳೆಯ ಕಣ್ಣಿನ ವೈದ್ಯರ ಬಳಿ ದೃಷ್ಟಿಯ ಜೊತೆಗೆ ಬಣ್ಣ ಗುರುತಿಸುವ ಶಕ್ತಿ ನೋಡುವ, ಬಣ್ಣದ ಚುಕ್ಕೆಗಳ ಪುಸ್ತಕದ ಪರೀಕ್ಷೆಯನ್ನೂ ಮಾಡಿಸಿಕೊಳ್ಳಿ. ಎರಡು ವರ್ಷ ಬೆಳಗಿನ ಐದಕ್ಕೆ ಎದ್ದು ಓದಿದ ನನ್ನ ವಿದ್ಯಾರ್ಥಿಯೊಬ್ಬನಿಗೆ ಹಸಿರು ಚುಕ್ಕೆಗಳ ನಡುವಿನ ಅಂಕೆ ಕಾಣಿಸುವುದಿಲ್ಲವೆಂದು ಗೊತ್ತಾದದ್ದು ಕಟ್ಟಕಡೆಯ ವೈದ್ಯಕೀಯ ಪರೀಕ್ಷೆಯಲ್ಲಿ. ಎತ್ತರ ಹೆಚ್ಚಿಸುತ್ತೇವೆಂದು ಮಾರುವ ಪುಡಿಗಳಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಲಿಖಿತ ಪರೀಕ್ಷೆಗೆ ಹಳೆಯ ಪ್ರಶ್ನೆಪತ್ರಿಕೆಗಳೇ ಸಾಕು. ತಪ್ಪು ಉತ್ತರಕ್ಕೆ ಅಂಕ ಕಳೆಯುತ್ತಾರೆ, ಎನ್‌ಡಿಎ ಪ್ರಶ್ನೆಗಳು ಇಂಗ್ಲಿಷ್ ಮತ್ತು ಹಿಂದಿಯಲ್ಲಿ, ಎಎಫ್‌ಕ್ಯಾಟ್ ಪ್ರಶ್ನೆಗಳು ಇಂಗ್ಲಿಷ್‌ನಲ್ಲಿ ಮಾತ್ರ ಇರುತ್ತವೆ; ಕನ್ನಡ ಮಾಧ್ಯಮದವರು ಪ್ರಥಮ ಪಿಯುಸಿಯಿಂದಲೇ ದಿನಕ್ಕೊಂದು ಇಂಗ್ಲಿಷ್ ಪತ್ರಿಕೆ ಓದಲೇಬೇಕು.

ನಿಜವಾದ ಕಷ್ಟ ಆಯ್ಕೆ ಮಂಡಳಿಯ ಐದು ದಿನಗಳದ್ದು. ವಾಯುಪಡೆಯ ಇಂಥದೊಂದು ಮಂಡಳಿ ನಮ್ಮ ಮೈಸೂರಿನಲ್ಲೇ ಇದೆ. ಎನ್‌ಡಿಎಯಲ್ಲಿ ಲಿಖಿತಕ್ಕೆ 900 ಅಂಕವಾದರೆ ಇದಕ್ಕೂ 900. ಮೊದಲ ದಿನ ಮಸುಕಾದ ಚಿತ್ರವೊಂದನ್ನು 30 ಸೆಕೆಂಡು ತೋರಿಸಿ ಕಥೆ ಬರೆಸುತ್ತಾರೆ, ನಂತರ ಗುಂಪಿನಲ್ಲಿ ಅದನ್ನು ಹೇಳಿ ಚರ್ಚಿಸಬೇಕು. ಇಲ್ಲಿ ಸಂತೆಯ ಗದ್ದಲವೇಳುತ್ತದೆ. ದನಿ ಏರಿಸಿದರೆ ಗೆದ್ದಂತೆ ಎಂದುಕೊಂಡವರು ಅಂದೇ ಸಂಜೆ ಬಸ್ಸು ಹತ್ತುತ್ತಾರೆ. ಇನ್ನೊಬ್ಬರ ಮಾತು ಪೂರ್ತಿ ಕೇಳಿ, ಅದಕ್ಕೆ ತಮ್ಮದೊಂದು ಎಳೆ ಸೇರಿಸಿದವರು ಉಳಿಯುತ್ತಾರೆ. ಉಳಿದವರಿಗೆ ಮನೋವೈಜ್ಞಾನಿಕ ಪರೀಕ್ಷೆ: ತಲಾ 4 ನಿಮಿಷಕ್ಕೊಂದರಂತೆ 12 ಕಥೆ, 15 ಸೆಕೆಂಡಿಗೊಂದರಂತೆ 60 ಪದಗಳಿಗೆ ವಾಕ್ಯ, 30 ನಿಮಿಷದಲ್ಲಿ 60 ಸನ್ನಿವೇಶಗಳಿಗೆ ನೀವೇನು ಮಾಡುವಿರೆಂಬ ಉತ್ತರ. ಈ ವೇಗದಲ್ಲಿ ಬಾಯಿಪಾಠ ನಿಲ್ಲುವುದಿಲ್ಲ, ಕೈಗೆ ಬರುವುದು ಬದುಕಿದ ಬದುಕು ಮಾತ್ರ. ಸಿದ್ಧ ಕಥೆಗಳ ಪುಸ್ತಕ ಓದಿ ಹೋದವರ ನಾಯಕರೆಲ್ಲ ಉಗ್ರರನ್ನು ಹಿಡಿದು ಪದಕ ಪಡೆಯುತ್ತಾರೆ. ನನ್ನಲ್ಲಿ ಓದಿದ ಹುಡುಗಿಯೊಬ್ಬಳು ಮಾತ್ರ, ಬೋರ್‌ವೆಲ್ ಮೋಟಾರು ಸುಟ್ಟಾಗ ಅಕ್ಕಪಕ್ಕದ ಮೂರು ಮನೆಯವರನ್ನು ಒಪ್ಪಿಸಿ ಪಾಳಿಯಲ್ಲಿ ನೀರು ಹಾಯಿಸಿದ ಕಥೆ ಬರೆದಳು; ಅದು ಅವಳದೇ ತೋಟ. ಅವಳು ಆಯ್ಕೆಯಾದಳು. ಆದ್ದರಿಂದ ಆರು ತಿಂಗಳು ಮೊದಲೇ ಏನನ್ನಾದರೂ ಹೊಣೆ ಹೊತ್ತು ಮಾಡಿ: ಕಬಡ್ಡಿ ತಂಡ ಕಟ್ಟಿ, ಎನ್‌ಸಿಸಿ ಶಿಬಿರಕ್ಕೆ ಹೋಗಿ, ಊರಿನ ಮಕ್ಕಳಿಗೆ ಲೆಕ್ಕ ಹೇಳಿಕೊಡಿ.

ಹಾರಾಟದ ವಿಭಾಗ ಬಯಸುವವರಿಗೆ ಸಿಪಿಎಸ್‌ಎಸ್ (ಪೈಲಟ್ ಆಯ್ಕೆ ವ್ಯವಸ್ಥೆ) ಎಂಬ ಕಂಪ್ಯೂಟರ್ ಪರೀಕ್ಷೆ ಬೇರೆಯೇ ಇದೆ. ವಿಮಾನದ ಮಾಪಕಗಳನ್ನು ಓದುವುದು, ಕಣ್ಣು, ಕೈ, ಕಾಲುಗಳನ್ನು ಒಟ್ಟಿಗೆ ದುಡಿಸುವುದು ಇದರ ಸಾರ. ಬದುಕಿನಲ್ಲಿ ಇದಕ್ಕೆ ಒಂದೇ ಅವಕಾಶ. ಫೇಲಾದರೆ ಮತ್ತಾವ ದಾರಿಯಿಂದ ಬಂದರೂ ಪೈಲಟ್ ಆಗಲಾಗದು. ‘ಒಂದು ಸಲ ಸುಮ್ಮನೆ ನೋಡಿ ಬರೋಣ’ ಎಂದು ತಯಾರಿಯಿಲ್ಲದೆ ಹೋಗುವವರನ್ನು ನಾನು ತಡೆಯುವುದು ಇದಕ್ಕೇ. ಹಿಂದಿನ ರಾತ್ರಿ ಚೆನ್ನಾಗಿ ನಿದ್ದೆ ಮಾಡಿ, ಅಲ್ಲಿ ಕೊಡುವ ಸೂಚನೆಗಳನ್ನು ಅಕ್ಷರ ಬಿಡದೆ ಓದಿ.

ವೈದ್ಯಕೀಯ ಪರೀಕ್ಷೆ ದಾಟಿ ಮೆರಿಟ್ ಪಟ್ಟಿಯಲ್ಲಿ ಹೆಸರು ಬಂದರೆ, ಎನ್‌ಡಿಎಯವರು ಮೂರು ವರ್ಷ ಪುಣೆ ಬಳಿಯ ಖಡಕ್ವಾಸ್ಲಾದಲ್ಲಿರುವ ಎನ್‌ಡಿಎಯಲ್ಲಿ ಕಳೆದು, ಪದವೀಧರರು ನೇರವಾಗಿ, ಹೈದರಾಬಾದ್ ಬಳಿಯ ದುಂಡಿಗಲ್‌ನ ವಾಯುಪಡೆ ಅಕಾಡೆಮಿ ತಲುಪುತ್ತಾರೆ. ಅಲ್ಲಿ ಪಿಲಾಟಸ್ ಪಿಸಿ-7 ವಿಮಾನದಲ್ಲಿ ಮೊದಲ ಹಾರಾಟ. ಯುದ್ಧವಿಮಾನಕ್ಕೆ ಆಯ್ಕೆಯಾದವರು ಹಾಕ್ ಎಂಬ ಜೆಟ್ ವಿಮಾನದ ತರಬೇತಿಗೆ ಬರುವ ನೆಲೆಗಳಲ್ಲಿ ನಮ್ಮ ಬೀದರ್ ಕೂಡ ಒಂದು. ಸಾರಿಗೆ ವಿಮಾನದವರು ಯಲಹಂಕಕ್ಕೆ ಬರುತ್ತಾರೆ.